ಮುಂದಿನ ಸಾಲಿನ ಜಾಗ

ಕೋಚ್‌ನ ಕಿವಿಯಲ್ಲಿ ಯಾರೋ ಊದಿದ್ದಾರೆ. ಅಮೆರಿಕದ ಎಲಿಕಾಟ್ ಸಿಟಿಯ ಶಾಲಾ ಮೈದಾನದ ಬೇಲಿ ಹಿಡಿದು ನಿಂತ ಜಯಕರನಿಗೆ ಆ ಬಗ್ಗೆ ಸಂಶಯವೇ ಉಳಿಯಲಿಲ್ಲ. ಇಲ್ಲದಿದ್ದರೆ ಅಮೆರಿಕನ್ ಫುಟ್‌ಬಾಲ್ ತಂಡದ ಮುಂದಿನ ಸಾಲಿಗೆ ತನ್ನ ಮಗ ಅನ್ವಿತ್‌ನನ್ನು ಬಿಟ್ಟು, ಊದಿದರೆ ಹಾರಿಹೋಗುವ ಯಶವಂತ್‌ನನ್ನು ತೆಗೆದುಕೊಳ್ಳುವುದೆಂದರೇನು?

ಆ ಸಾಲಿನವನ ಕೆಲಸ ಇಷ್ಟೇ: ಎದುರಾಳಿಗಳ ಗೋಡೆಯನ್ನು ಒಡೆದು ನುಗ್ಗಬೇಕು, ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಬೇಕು. ಅದಕ್ಕೆ ಗಾತ್ರ ಬೇಕು ಎಂಬುದು ಜಯಕರನ ವಾದ. ವೇಗ ಬೇಕು ಎಂಬುದು ಯಶವಂತ್‌ನ ತಂದೆ ಸೂರ್ಯನಾರಾಯಣನ ವಾದ. ಒಬ್ಬ ಮಂಗಳೂರಿನವನು, ಇನ್ನೊಬ್ಬ ಮೈಸೂರಿನವನು. ಹಳೆಯ ಸ್ನೇಹ, ಭಾನುವಾರದ ಕಾಫಿಯ ಜೊತೆ ಈ ಜಗಳವೂ ಇರಲೇಬೇಕು.

"ನಿಮ್ಮ ಕಂಬಳದಲ್ಲಿ ಪ್ರೈಜ್ ಕೊಡೋದು ದಪ್ಪ ಕೋಣಕ್ಕಾ, ಓಡೋ ಕೋಣಕ್ಕಾ?" ಎಂದು ಸೂರ್ಯನಾರಾಯಣ ಕೆಣಕುತ್ತಿದ್ದ.

"ಅಲ್ಲಿ ಓಡುವುದು ಮಾರಾಯ್ರೇ, ಇಲ್ಲಿ ಗುದ್ದುವುದು. ಆನೆಯ ಎದುರು ಜಿಂಕೆಯನ್ನು ನಿಲ್ಲಿಸಿ ನೋಡಿ, ಗೊತ್ತಾಗ್ತದೆ."

ಮಾರ್ಚ್‌ನಲ್ಲಿ ಹೊಸ ಕೋಚ್ ಬಂದ. ಅವನ ಒಲವು ಯಾವುದರ ಕಡೆಗೋ ಜಯಕರನಿಗೆ ತಿಳಿಯದು. ತಿಳಿದುಕೊಳ್ಳುವ ಅಗತ್ಯವೂ ಕಾಣಲಿಲ್ಲ. ಆಟ ಗೊತ್ತಿದ್ದವನು ಗಾತ್ರವನ್ನೇ ಆರಿಸುತ್ತಾನೆ, ಅಷ್ಟೆ. ಅದೂ ಅಲ್ಲದೆ, ಮಗನನ್ನು ಮೈದಾನಕ್ಕೆ ಕರೆದೊಯ್ದು ಕರೆತರುವುದು ಹೆಂಡತಿ ಸರೋಜಿನಿಯ ಪಾಲು. ರಾಕ್‌ವಿಲ್‌ನ ಲ್ಯಾಬಿನಿಂದ ಜಯಕರ ಮನೆ ಸೇರುವಾಗ ಮೈದಾನದ ದೀಪ ಆರಿರುತ್ತಿತ್ತು.

ಸರೋಜಿನಿಯದೇ ಒಂದು ಚಿಂತೆಯಿತ್ತು, ಆದರೆ ಅದೂ ಬಗೆಹರಿದಿತ್ತು. ಹಿಂದಿನ ನವೆಂಬರಿನ ಆಟದಲ್ಲಿ ಅನ್ವಿತ್ ತಲೆಗೆ ಏಟು ತಿಂದು ಬಿದ್ದಿದ್ದ. ಎದ್ದು ಕೂತವನು, "ಅಮ್ಮ, ವೇರ್ ಆರ್ ವಿ?" ಎಂದು ಕೇಳಿದ್ದ. ಈ ಆಟವೇ ಬೇಡ ಎಂದು ಅವಳು ಚಳಿಗಾಲವಿಡೀ ಅತ್ತಳು. "ಡಾಕ್ಟರೇ ಆಡಬಹುದು ಅಂದಿದ್ದಾರೆ. ಆಡ್ತಾನೆ, ಮಾತು ಮುಗೀತು" ಎಂದ ಜಯಕರ. ಮಾರ್ಚ್‌ನ ಒಂದು ಸಂಜೆ ಅವಳೇ ಮೆತ್ತಗಾದಳು.

"ಆಡಲಿ. ನಿಮ್ಮ ಹಾಗೆಯೇ ಆಗಲಿ, ದೊಡ್ಡ ಮಾಡುವ. ಆದರೆ ಅವನ ಊಟದ ವಿಷಯಕ್ಕೆ ಯಾರೂ ಬರಬೇಡಿ."

ಜಯಕರನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂದಿನಿಂದ ಮನೆಯಲ್ಲಿ ಹಬ್ಬವೋ ಹಬ್ಬ. ಬೆಳಿಗ್ಗೆ ನೀರುದೋಸೆಗೆ ಬೆಣ್ಣೆ, ಮಧ್ಯಾಹ್ನ ಕೋರಿ ರೊಟ್ಟಿ, ರಾತ್ರಿ ತುಪ್ಪದಲ್ಲಿ ಮಿಂದ ಕೋಳಿ. ಹುಡುಗನ ಅಂಗಿಗಳು ಒಂದೊಂದಾಗಿ ಬಿಗಿಯಾದವು. ಬೆಳಿಗ್ಗೆ ಓಡಲು ಹೊರಟರೆ ಸರೋಜಿನಿ ಬಾಗಿಲಲ್ಲೇ ತಡೆಯುತ್ತಿದ್ದಳು: "ತಿಂದದ್ದು ಮೈಗೆ ಹತ್ತಲಿ ಮಗಾ. ಓಡಿ ಕರಗಿಸಬೇಡ." ತಾಯಿ ಅಂದರೆ ಹೀಗಿರಬೇಕು ಎಂದು ಜಯಕರನಿಗೆ ಕಣ್ಣು ತುಂಬಿಬಂದದ್ದುಂಟು.

ಈಗ ಆಗಸ್ಟ್. ಆಯ್ಕೆ ಮುಗಿದಿತ್ತು. ಅನ್ವಿತ್ ಹೊರಗೆ.

ಜಯಕರ ಕೋಚ್‌ನನ್ನು ಅಡ್ಡಗಟ್ಟಿ ಕಾರಣ ಕೇಳಿದ. ಕೋಚ್ ನಡೆಯುತ್ತಲೇ ಉತ್ತರಿಸಿದ. "ಹುಡುಗ ಒಳ್ಳೆಯವನು. ಆದರೆ ಮೊದಲ ಹೆಜ್ಜೆ ತೀರಾ ನಿಧಾನ. ನನ್ನ ಸಾಲಿಗೆ ವೇಗವೇ ಮುಖ್ಯ ಅಂತ ಮಾರ್ಚ್‌ನಲ್ಲೇ ಹೇಳಿದ್ದೆನಲ್ಲ?" ಅಷ್ಟರಲ್ಲಿ ಯಾರೋ ಕರೆದರು, ಅವನು ಹೋಗಿಬಿಟ್ಟ.

ಹೇಳಿದ್ದನಂತೆ! ಯಾರಿಗೆ? ಜಯಕರನಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಪೋಷಕರ ಸಮಿತಿಯಲ್ಲಿದ್ದವನು ಸೂರ್ಯನಾರಾಯಣ. ಕೋಚ್‌ನ ಮಾತುಗಳು ಎಲ್ಲರ ಮನೆ ಮುಟ್ಟುತ್ತಿದ್ದುದು ಅವನ ಮೂಲಕವೇ. ತನ್ನ ಮಗನನ್ನು ಓಡಿಸಿ, ಅನ್ವಿತ್ ಉಬ್ಬುವುದನ್ನು ನೋಡುತ್ತಾ ಭಾನುವಾರ ಬಂದು ಕಾಫಿ ಕುಡಿದು ಹೋಗಿದ್ದಾನೆ.

ಪಾರ್ಕಿಂಗ್ ಲಾಟಿನಲ್ಲಿ ಅವನು ಸಿಕ್ಕಿದ. ಆಚೆ ಕಾರಿನಲ್ಲಿ ಸರೋಜಿನಿ ಮಗನ ಜೊತೆ ಕೂತಿದ್ದಳು.

"ಕೋಚ್‌ಗೆ ಸ್ಪೀಡ್ ಬೇಕು ಅಂತ ನಿಮಗೆ ಮಾರ್ಚ್‌ನಲ್ಲೇ ಗೊತ್ತಿತ್ತು. ಹೌದಾ ಅಲ್ವಾ?"

"ಗೊತ್ತಿತ್ತು ಕಣ್ರೀ," ಸೂರ್ಯನಾರಾಯಣ ತಬ್ಬಿಬ್ಬಾದ. "ನಿಮಗೂ ಗೊತ್ತು ಅಂದ್ಕೊಂಡಿದ್ದೆ. ಗೊತ್ತಿದ್ದೂ ಹಠ ಮಾಡ್ತಿದೀರಾ ಅಂತ ಅಲ್ವಾ ನಾನು ಪ್ರತಿವಾರ ಬಾಯಿ ಬಡ್ಕೊಂಡಿದ್ದು?"

"ನನಗೆ ಯಾರು ಹೇಳಿದ್ದು? ನೀವು ಹೇಳಿದ್ರಾ?"

ಸೂರ್ಯನಾರಾಯಣ ಬಾಯಿ ತೆರೆದ. ಜಯಕರನ ಹಿಂದೆ ಎಲ್ಲೋ ನೋಡಿದ. ಬಾಯಿ ಮುಚ್ಚಿದ.

"ಮನೆಗೆ ಹೋಗಿ ಜಯಕರ್. ಇಲ್ಲಿ ಬೇಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಯಕರನಿಗೆ ಅಷ್ಟು ಸಾಕಾಯಿತು. "ಇನ್ನು ನನ್ನ ಹೊಸಿಲು ತುಳಿಯಬೇಡಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಂದ.

ಮನೆಯಲ್ಲಿ ಅನ್ವಿತ್ "ಐ ಆಮ್ ನಾಟ್ ಹಂಗ್ರಿ" ಎಂದು ಮಹಡಿ ಹತ್ತಿಹೋದ. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಸರೋಜಿನಿ ಗಂಡನಿಗೆ ಬಡಿಸಿದಳು. ಜಯಕರ ತುತ್ತು ಎತ್ತಲಿಲ್ಲ.

"ಪರಕೀಯರು ಮೋಸ ಮಾಡಿದರೆ ತಡಕೊಳ್ಳಬಹುದು. ನಮ್ಮ ಅನ್ನ ಉಂಡವನು! ಎದುರಿಗೆ ನಗ್ತಾ, ಹಿಂದಿನಿಂದ ನನ್ನ ಮಗನ ಕಾಲು ಕತ್ತರಿಸಿದ. ಎಂಥ ಕಟುಕ ಅವನು?"

ಸರೋಜಿನಿ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಎದುರಿನ ಕುರ್ಚಿ ಎಳೆದು ಕೂತಳು. ಎಷ್ಟೋ ತಿಂಗಳ ನಂತರ ಅವಳ ಮುಖ ನಿರಾಳವಾಗಿತ್ತು.

"ಅವರನ್ನು ಬೈಬೇಡಿ. ಗಾತ್ರ ಬೇಕಾ ಸ್ಪೀಡ್ ಬೇಕಾ ಅಂತ ಕೋಚ್ ಹತ್ರ ನಾನೇ ಹೋಗಿ ಕೇಳಿದ್ದು, ಅವರು ಪಕ್ಕದಲ್ಲಿ ನಿಂತಿದ್ರು ಅಷ್ಟೆ. ಸ್ಪೀಡ್ ಇಲ್ಲದವನನ್ನು ತಗೊಳ್ಳುವುದೇ ಇಲ್ಲ ಅಂತ ಹೇಳಿದ್ರು ಕೋಚ್. ಬರುವಾಗ ದಾರಿಯಲ್ಲೇ ತುಪ್ಪ ತಗೊಂಡು ಬಂದೆ."