ನಬಿಜೋನ್ ಕೊಟ್ಟ ರಂದ

ಹೊಸ ರಂದಕ್ಕೆ ಒಂದೇ ವಾರದಲ್ಲಿ ಮುಪ್ಪು ತರಿಸಬೇಕಿತ್ತು. ಎರ್ಗಶ್ ಅದಕ್ಕೆ ಮೊದಲು ಕಡು ಚಹಾ ಕುಡಿಸಿದ. ಆಮೇಲೆ ಅಕ್ರೋಟದ ಸಿಪ್ಪೆ ಕುದಿಸಿ ಬಳಿದ. ಅದರ ಮೇಲೆ ಹತ್ತಿಬೀಜದ ಎಣ್ಣೆ ತಿಕ್ಕಿ, ಕೊನೆಗೆ ತನ್ನ ಬೆವರನ್ನೂ ಸವರಿದ. ಬೆವರಿಗೆ ಬರವಿರಲಿಲ್ಲ. ಕಳ್ಳನ ಮೈ ತಾನಾಗಿಯೇ ಬೆವರುತ್ತದೆ.

"ಏನ್ರೀ, ಮರ ಹೆರೆಯೋ ಸಾಮಾನನ್ನ ಮದುಮಗಳ ಥರ ಸಿಂಗರಿಸ್ತಾ ಇದೀರಲ್ಲ, ಯಾರು ಬರ್ತಾರೆ ನೋಡೋಕೆ?" ಅಂದಳು ಹೆಂಡತಿ.

"ಸುಮ್ನಿರೇ. ನಬಿಜೋನ್ ಕೊಟ್ಟಿದ್ದು. ನಾಳಿದ್ದು ಅವನ ಮನೆಗೆ ಒಯ್ಯಬೇಕು." ಹಾಗೆನ್ನುವಾಗ ಅವನು ರಂದದ ಮುಖ ನೋಡಿದ, ಹೆಂಡತಿಯದಲ್ಲ.

ಕೋಕಂದ್ ಪಟ್ಟಣದ ಆ ಬೀದಿಯಲ್ಲಿ ಕೆಲವು ಗೆಳೆಯರ ಕೂಟವಿತ್ತು. ಎರ್ಗಶ್ ಬಸ್ಸು ಓಡಿಸಿ ನಿವೃತ್ತನಾದವನು, ತುರೋಬ್ ಕ್ಷೌರಿಕ, ನಬಿಜೋನ್ ಅಂಚೆಯವನು. ಯಾರಿಗೂ ಬಡಗಿತನ ಹೊಟ್ಟೆಪಾಡಲ್ಲ, ಬರೀ ಗೀಳು. ಪ್ರತಿ ವಸಂತದಲ್ಲಿ ಪಲಾವ್ ಉಂಡು, ಸ್ವಂತ ಕೈಯಲ್ಲಿ ಮಾಡಿದ ಒಂದೊಂದು ಸಲಕರಣೆಯನ್ನು ಬಟ್ಟೆಯಲ್ಲಿ ಸುತ್ತಿ ಬದಲಾಯಿಸಿಕೊಳ್ಳುತ್ತಿದ್ದರು. ಗಂಟನ್ನು ಮನೆಗೆ ಹೋಗಿಯೇ ಬಿಚ್ಚಬೇಕು. ಎದುರೆದುರು ಬಿಚ್ಚಿದರೆ ಮುಖಗಳು ಚಾಡಿ ಹೇಳುತ್ತವೆ. ಕೂಟದವನೊಬ್ಬ ಸತ್ತರೆ, ನಲವತ್ತನೆಯ ದಿನ ಅವನು ಕೊಟ್ಟಿದ್ದೆಲ್ಲ ಅವನ ಮನೆಗೆ ಒಂದು ಹೊತ್ತಿನ ಮಟ್ಟಿಗೆ ಮರಳಬೇಕು. ಪ್ರಾರ್ಥನೆಯಾದ ಮೇಲೆ ಮನೆಯಾಕೆ ಅವನ್ನು ಮತ್ತೆ ಅವರವರ ಕೈಗೆ ಕೊಡುತ್ತಾಳೆ.

ನಬಿಜೋನ್‌ನ ಕೆಲಸವೆಂದರೆ ರೇಷ್ಮೆ. ಉಳಿ ಇರಲಿ, ಕೊಡತಿ ಇರಲಿ, ಸವರಿದರೆ ಮಗುವಿನ ಕೆನ್ನೆ. ಆದರೆ ಹಿಡಿಗಳು ಮಾತ್ರ ಪುಟ್ಟವು.

"ಲೋ, ಸಲಿಕೆಯಂಥ ಕೈ ಇಟ್ಕೊಂಡು ಇಲಿ ಕೈಗೆ ಆಗೋವಂಥ ಹಿಡಿ ಹೇಗೆ ಮಾಡ್ತೀಯೋ?" ಅಂತ ತುರೋಬ್ ಛೇಡಿಸುತ್ತಿದ್ದ. ನಬಿಜೋನ್ ನಕ್ಕು, ಹೆಂಡತಿ ಒಯ್ಶಾಳತ್ತ ಚಹಾ ಬಟ್ಟಲು ಚಾಚುತ್ತಿದ್ದ. ಅವಳು ತೊಟ್ಟಿಲು ಮಾಡುವವರ ಮನೆಯ ಹುಡುಗಿ. ಮಾವನೇ ಅಳಿಯನಿಗೆ ವಿದ್ಯೆ ಕಲಿಸಿರಬೇಕೆಂದು ಕೂಟದವರು ತೀರ್ಮಾನಿಸಿದ್ದರು.

ಹೋದ ವಸಂತದಲ್ಲಿ ನಬಿಜೋನ್‌ನಿಂದ ಪಡೆಯುವ ಸರದಿ ಮೊದಲ ಸಲ ಎರ್ಗಶ್‌ನದಾಯಿತು. ಎಳವೆಯಿಂದ ಒಂದೇ ರೊಟ್ಟಿ ಮುರಿದು ತಿಂದ ಗೆಳೆಯ. ಮನೆಗೆ ಬಂದು ಆಸೆಯಿಂದ ಗಂಟು ಬಿಚ್ಚಿದ. ಒಳಗೆ ಹಿಪ್ಪುನೇರಳೆ ಮರದ ರಂದ. ಬಾಯಿ ಓರೆ, ಬೆಣೆ ಸಡಿಲ, ಅಡಿಯಲ್ಲಿ ಉಬ್ಬು. ಹಲಗೆಯ ಮೇಲೆ ತಳ್ಳಿದರೆ ಕತ್ತೆಯ ಹಾಗೆ ಒದೆಯಿತು.

ಊರಿಗೆಲ್ಲ ಬೆಣ್ಣೆ, ತನಗೆ ಮಾತ್ರ ಸುಣ್ಣ! ಎರ್ಗಶ್‌ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆ ಬೆಂಕಿಯಲ್ಲೇ ರಂದವನ್ನು ಪಲಾವಿನ ಒಲೆಗೆ ತುರುಕಿದ.

ಅಂದಿನಿಂದ ನಬಿಜೋನ್ ಸಿಕ್ಕಾಗಲೆಲ್ಲ ಒಂದೇ ಮಾತು. "ಹೇಗಿದೆಯೋ ನನ್ನ ರಂದ? ಓಡ್ತಾ ಇದೆಯಾ?"

"ಬೆಣ್ಣೆ ಕಣೋ, ಬೆಣ್ಣೆ!"

ನಬಿಜೋನ್‌ನ ಕಣ್ಣು ತುಂಬಿ ಬರುತ್ತಿತ್ತು. ಎಂಥ ನಟನಪ್ಪಾ ಇವನು ಅಂತ ಎರ್ಗಶ್ ಹಲ್ಲು ಕಡಿಯುತ್ತಿದ್ದ. ಚಳಿಗಾಲದಲ್ಲಿ ಗೆಳೆಯನ ಎದೆಬಡಿತ ಇದ್ದಕ್ಕಿದ್ದಂತೆ ನಿಂತಿತು. ಮಣ್ಣು ಹಾಕುವಾಗ ಎರ್ಗಶ್‌ಗೆ ನೆನಪಾಗಿದ್ದು ಆ ಒಲೆಯ ಹೊಗೆ.

ನಲವತ್ತನೆಯ ದಿನಕ್ಕೆ ಸೊಟ್ಟ ರಂದವನ್ನೇ ಮತ್ತೆ ಮಾಡಬಹುದಿತ್ತು. ಆದರೆ ಸತ್ತವನ ಮಾನ ಎಲ್ಲರ ಮುಂದೆ ಕಳೆಯುವುದೇ? ಎಂದೂ ಮಾಡದಷ್ಟು ಅಚ್ಚುಕಟ್ಟಾಗಿ ಮಾಡಿದ. ಹಿಡಿ ಮಾತ್ರ ಅಭ್ಯಾಸಬಲದಿಂದ ತನ್ನ ಅಗಲ ಅಂಗೈಯಳತೆಗೇ ಬಂತು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಬಣ್ಣ ಏರಿಯಾಗಿತ್ತು.

ನಲವತ್ತನೆಯ ದಿನ ನಬಿಜೋನ್‌ನ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಒಂದೊಂದೇ ಸಲಕರಣೆ ಬಂದು ಮಲಗಿತು.

"ಅರೆ! ಇದೇನೋ, ನಿನ್ನದರ ಹಿಡಿ ಗುದ್ದಲಿ ಕಾವಿನ ಹಾಗಿದೆ?" ಅಂದ ತುರೋಬ್.

"ನನ್ನ ಕೈ ನೋಡಿ ಮಾಡಿದ್ದ ಕಣೋ," ಅಂದ ಎರ್ಗಶ್.

ಪ್ರಾರ್ಥನೆ ಮುಗಿಯಿತು. ಒಯ್ಶಾ ಒಂದೊಂದನ್ನೂ ಎತ್ತಿ, ಸರಿಯಾಗಿ ನೋಡದೆಯೇ, ಯಾರದೆಂದು ಕೇಳದೆಯೇ ಅವರವರಿಗೆ ಕೊಟ್ಟಳು. ಉಳಿದವರು ಪಲಾವಿಗೆ ಕೈ ತೊಳೆಯಲು ಎದ್ದರು. ಕೊನೆಗೆ ಎರ್ಗಶ್‌ನ ರಂದ. ಅವಳ ಕೈ ನಿಂತಿತು. ಹಿಡಿಯೊಳಗೆ ಬೆರಳು ತೂರಿಸಿದಳು. ಅಲ್ಲಿ ಅವಳ ಕೈಯಂಥ ಎರಡು ಕೈಗೆ ಜಾಗವಿತ್ತು. ರಂದವನ್ನು ತಿರುಗಿಸಿ ಅಡಿ ಸವರಿದಳು, ಬೆಣೆ ಅಲುಗಿಸಿದಳು.

"ಇದು ಅವರು ನಿಮಗೆ ಕೊಟ್ಟಿದ್ದಾ, ಎರ್ಗಶ್ ಅಣ್ಣ?"

"ಹೂಂ, ತಂಗಿ."

"ನಿಜ ಹೇಳಿ. ಅವರೇ?"

ಮುಗಿಯಿತು, ಸಿಕ್ಕಿಬಿದ್ದೆ. ಎರ್ಗಶ್‌ಗೆ ಒಂದು ಬಗೆಯಲ್ಲಿ ಹಗುರವೇ ಆಯಿತು. ಹೇಳಿಬಿಡಬೇಕು, ಕಾಲು ಹಿಡಿಯಬೇಕಾದರೂ ಸರಿ. "ತಂಗಿ, ನಾನು..." ಅಂತ ಬಾಯಿ ತೆರೆದ.

ಆದರೆ ಅವಳು ರಂದವನ್ನು ಎದೆಗೆ ಅವಚಿಕೊಂಡು ಬಿಕ್ಕುತ್ತಿದ್ದಳು.

"ಇದನ್ನ ಮಾಡೋವಾಗ ಬಾಗಿಲು ಹಾಕ್ಕೊಂಡಿದ್ರು ಅಣ್ಣ. ಎರ್ಗಶ್‌ಗೆ ಮಾತ್ರ ಮೋಸ ಮಾಡಲ್ಲ ಅಂದ್ರು. ನನಗೂ ತೋರಿಸ್ಲಿಲ್ಲ. ನಾನು ಪಾಪಿ, ಆಚೆ ನಿಂತು ನಕ್ಕೆ."

ಅವಳು ಅಂಗಳದವರಿಗೆ ಕೇಳಿಸದಂತೆ ದನಿ ತಗ್ಗಿಸಿದಳು.

"ಬೇರೆಯವೆಲ್ಲ ನಾನು ಮಾಡಿದ್ದು, ಹೋದ್ರೆ ಹೋಗ್ಲಿ. ಅವರ ಕೈಯಲ್ಲಾದದ್ದು ಇದೊಂದೇ, ಇದನ್ನ ನನಗೇ ಬಿಟ್ಟುಬಿಡ್ತೀರಾ?"