ಸಾತ್ವಿಕ ರಕ್ತ

"ಈ ಬೆಕ್ಕು ಏನ್ ತಿಂದು ಬೆಳದೈತ್ರಿ?" ಎಂದು ಅಕ್ಕಿ ವ್ಯಾಪಾರಿ ಮರಿಬಸಪ್ಪನವರು ಬುಟ್ಟಿಯೊಳಗೆ ಇಣುಕಿ ಕೇಳಿದರು.

ಪಕ್ಕದ ಮೇಜಿನ ಮೇಲೆ ಅವರ ಮಗಳು ಗಂಗೋತ್ರಿಯ ಬಿಳಿ ಪರ್ಷಿಯನ್ ಬೆಕ್ಕು ಉಸಿರಿಗೆ ಒದ್ದಾಡುತ್ತ ಮಲಗಿತ್ತು. ಒಸಡು ಸುಣ್ಣದಂತಾಗಿತ್ತು. ಬೀದಿ ಬೆಕ್ಕುಗಳಿಂದ ಹತ್ತಿದ ಚಿಗಟ ಕಚ್ಚಿ ರಕ್ತಕ್ಕೆ ರೋಗಾಣು ಸೇರಿದೆ, ಕೆಂಪು ಕಣಗಳು ಒಡೆದುಹೋಗುತ್ತಿವೆ, ಮಾತ್ರೆ ನಾಟುವವರೆಗೆ ಜೀವ ಹಿಡಿದಿಡಬೇಕಾದರೆ ಇವತ್ತೇ ಬೇರೆ ಬೆಕ್ಕಿನ ರಕ್ತ ಏರಿಸಬೇಕು ಎಂದು ಪಶುವೈದ್ಯೆ ಶಶಿರೇಖಾ ಹೇಳಿದ್ದಳು. ಬಳ್ಳಾರಿಯಲ್ಲಿ ಬೆಕ್ಕಿನ ರಕ್ತ ಶೀಶೆಯಲ್ಲಿ ಸಿಗುವುದಿಲ್ಲ. ಅವಳೇ ಫೋನ್ ಮಾಡಿ, ಕೌಲ್ ಬಜಾರಿನ ಮಟನ್ ಅಂಗಡಿಯ ಹುಲುಗೇಶನಿಂದ, ಅವನ ಹಲಗೆಯ ಕೆಳಗೆ ಬಿದ್ದುಕೊಂಡಿರುವ ದಪ್ಪನೆಯ ಬೀದಿ ಬೆಕ್ಕನ್ನು ತರಿಸಿದ್ದಳು. ಒಂದು ಹನಿ ತೆಗೆದು ಪರೀಕ್ಷೆಯನ್ನೂ ಮಾಡಿದ್ದಳು. ರೋಗಾಣು ಇರಲಿಲ್ಲ, ರಕ್ತ ಹೊಂದುತ್ತಿತ್ತು.

"ಬೋಟಿ ತಿಂದು ಬೆಳದೈತ್ರಿ," ಎಂದ ಹುಲುಗೇಶ. "ಒಗ್ಗರಣಿ ಮಂಡಕ್ಕಿ ಹಾಕಿದ್ರ ಮೂಸೂದಿಲ್ಲ."

ಮರಿಬಸಪ್ಪನವರು ಹಿಂದೆ ಸರಿದರು. "ಹಂಗಾರ ಬ್ಯಾಡ್ರಿ ಮೇಡಂ. ನಮ್ಮದು ಲಿಂಗ ಕಟ್ಟಿದ ಮನಿ. ಪೂಜಿ ಕೋಣ್ಯಾಗ ಓಡಾಡೋ ಜೀವ ಅದು. ಅದರ ಮೈಯಾಗ ಇಂಥಾ ರಕ್ತ ಹರಿದ್ರ ಹೆಂಗ?"

ಆ ಜೀವ ದಿನಾಲೂ ತಿನ್ನುವ ತಿನಿಸಿನ ಪೊಟ್ಟಣದ ಮೇಲೆ ಮೀನಿನ ಚಿತ್ರವಿತ್ತು. ಅವರು ಅದನ್ನು ಬಿಸ್ಕತ್ತು ಎಂದೇ ತಿಳಿದಿದ್ದರು. ಸಕಲ ಜೀವಕ್ಕೂ ಶಿವನೊಬ್ಬನೇ ಎಂದು ಮುಂಜಾನೆ ಮುಂಜಾನೆ ರಾಗ ತೆಗೆದು ಹಾಡುವ ಕಂಠ ಅವರದು. ಓಣಿಯವರು ನಿಂತು ಕೇಳುವಂತೆ ಹಾಡುತ್ತಿದ್ದರು. ಹಾಡಿದ್ದು ಕಂಠದಿಂದ ಕೆಳಗೆ ಇಳಿದಿರಲಿಲ್ಲ, ಅಷ್ಟೇ. ಗಂಗೋತ್ರಿ ಅಪ್ಪನ ಕೈ ಹಿಡಿದು ಬೇಡಿಕೊಂಡಳು. ಅವರು ಅವಳನ್ನು ಸುಮ್ಮನಿರಿಸಿ ಕುರುಗೋಡಿನ ಬೀಗರಿಗೆ ಫೋನ್ ಹಚ್ಚಿದರು. ಅಲ್ಲೊಂದು ಮಠದ ಅಂಗಳದಲ್ಲಿ ಯಾರದೂ ಅಲ್ಲದ ಬೆಕ್ಕೊಂದಿತ್ತಂತೆ, ಹಾಲು ಅನ್ನ ಬಿಟ್ಟು ಬೇರೆ ಮುಟ್ಟದಂತೆ. ಅದನ್ನು ಕಾರಿನಲ್ಲಿ ಕಳಿಸುವುದೆಂದು ಆಯಿತು.

ಹುಲುಗೇಶ ಬುಟ್ಟಿ ಎತ್ತಿಕೊಂಡ. "ನಡಿಲೇ," ಎಂದ ಬೆಕ್ಕಿಗೆ, "ಇಲ್ಲಿ ನಿನ್ನ ಕುಲ ಕೇಳಾಕತ್ಯಾರ."

ಕುರುಗೋಡಿನಿಂದ ಬೆಕ್ಕು ಬರುವಷ್ಟರಲ್ಲಿ ಗಂಗೋತ್ರಿಯದು ತಲೆ ಎತ್ತುವುದನ್ನೂ ಬಿಟ್ಟಿತ್ತು. ಬಂದ ಬೆಕ್ಕಿನ ಹಣೆಗೆ ಯಾರೋ ಭಕ್ತರು ವಿಭೂತಿ ಎಳೆದಿದ್ದರು. ಮರಿಬಸಪ್ಪನವರ ಮುಖ ಅರಳಿತು. ಶಶಿರೇಖಾ ಮೊದಲು ಒಂದು ಹನಿ ತೆಗೆದು ಗಾಜಿನ ಮೇಲೆ ಸವರತೊಡಗಿದಳು.

"ಮಠದ ಬೆಕ್ಕಿಗೆ ಎಂಥಾ ಪರೀಕ್ಷಾರಿ? ಪ್ರಸಾದ ಉಂಡ ಜೀವ ಅದು."

"ಚಿಗಟಕ್ಕ ಅದೆಲ್ಲ ಗೊತ್ತಾಗಂಗಿಲ್ರಿ," ಎಂದು ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ತುಸು ಹೊತ್ತಿನ ಮೇಲೆ ಪಕ್ಕಕ್ಕೆ ಸರಿದು ಅವರನ್ನೇ ನೋಡಲು ಕರೆದಳು. ಕೆಂಪು ಬಿಲ್ಲೆಗಳ ಅಂಚಿಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು ಅಂಟಿದ್ದವು. ಅದೇ ರೋಗಾಣು. ಈ ರಕ್ತ ಏರಿಸಿದರೆ ನಿಮ್ಮ ಬೆಕ್ಕು ಸಂಜೆ ಕಾಣುವುದಿಲ್ಲ, ಈ ಬೆಕ್ಕಿಗೇ ಮಾತ್ರೆ ಹಾಕಬೇಕು, ಇಲ್ಲಿಯೇ ಬಿಟ್ಟುಹೋಗಿ ಎಂದಳು. ಮರಿಬಸಪ್ಪನವರು ಇನ್ನೊಮ್ಮೆ ಇಣುಕಿ ನೋಡಿದರು, ಗಾಜು ತಮ್ಮ ಮೇಲೆ ಸುಳ್ಳು ಸಾಕ್ಷಿ ಹೇಳಿತೋ ಎಂಬಂತೆ.

ಹುಲುಗೇಶನಿಗೆ ಫೋನ್ ಮಾಡಿದ್ದು ಗಂಗೋತ್ರಿ. ಒಮ್ಮೆ ಸೂಜಿ ಕಂಡ ಬೆಕ್ಕು ಈಗ ತನ್ನ ಕೈಗೂ ಸಿಗುತ್ತಿಲ್ಲ, ಭಾನುವಾರದ ಗಿರಾಕಿ ಬಿಟ್ಟು ತಾನು ಹಿಂದೆ ಓಡಲಾರೆ, ಲಿವರ್ ತೋರಿಸಿದರೆ ಬರುತ್ತದೆ, ಸಾವ್ಕಾರರೇ ಬಂದು ಕರೆದುಕೊಂಡು ಹೋಗಲಿ ಎಂದ ಅವನು.

ಹೀಗಾಗಿ ಮರಿಬಸಪ್ಪನವರು ಕೌಲ್ ಬಜಾರಿನ ನಡುಹಗಲಿನಲ್ಲಿ, ಮಟನ್ ಅಂಗಡಿಯ ಮುಂದೆ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ ಕುಕ್ಕರಗಾಲಲ್ಲಿ ಕೂತರು. ಹುಲುಗೇಶ ಅವರ ಅಂಗೈ ಮೇಲೆ ಹಸಿ ಲಿವರಿನ ತುಂಡು ಇಟ್ಟ. ಮಗಳು ಬುಟ್ಟಿಯ ಮುಚ್ಚಳ ತೆಗೆದು ಆಚೆ ನಿಂತಳು. "ಬಾ ನಮ್ಮಪ್ಪ, ಬಾ ನಮ್ಮ ತಂದಿ," ಎಂದು ಅವರು ಕರೆದರು. ಕಂಠ ಈಗಲೂ ಇಂಪಾಗಿಯೇ ಇತ್ತು. ಗಿರಾಕಿಗಳು ನಕ್ಕರು.

"ಇನ್ನಾ ಕೆಳಗ ಹಿಡೀರಿ ಸಾವ್ಕಾರ್ರ," ಎಂದ ಹುಲುಗೇಶ, ಕತ್ತಿಯಿಂದ ಕಣ್ಣೆತ್ತದೆ. "ಅಷ್ಟ ಎತ್ತರಕ್ಕ ಅದು ಬರಂಗಿಲ್ಲ."

ಅವರು ಕೈ ತಗ್ಗಿಸಿದರು. ಹಲಗೆಯ ಕೆಳಗಿನಿಂದ ಮೂತಿ ಹೊರಬಂತು, ಆಮೇಲೆ ಒಂದು ಕಾಲು. ಬೆಕ್ಕು ಮೂಸುತ್ತ ಮೂಸುತ್ತ ಮೊಣಕಾಲಿನ ಹತ್ತಿರಕ್ಕೇ ಬಂದಿತ್ತು. ಆಗ ಸ್ಕೂಟರೊಂದು ನಿಂತಿತು. ದಿನಾ ಸಂಜೆ ಪ್ರವಚನದಲ್ಲಿ ಅವರ ಮಗ್ಗುಲಿಗೆ ಕೂರುವ ಗಾದಿಲಿಂಗಪ್ಪನವರು.

"ಶರಣ್ರಿ ಮರಿಬಸಪ್ಪಾರ. ಏನು, ಈ ಕಡಿ?"

ಮರಿಬಸಪ್ಪನವರು ದಡಕ್ಕನೆ ಎದ್ದು ಎರಡೂ ಕೈ ಜೋಡಿಸಿದರು. "ಶರಣು ಶರಣಾರ್ಥಿ." ಗಾದಿಲಿಂಗಪ್ಪನವರು ಗಾಡಿ ಆರಿಸಿ, ಇವತ್ತಿನ ಪ್ರವಚನದ ವಿಷಯ ದಯೆಯಂತೆ ಎಂದು ಮಾತಿಗೆ ನಿಂತರು. ಮರಿಬಸಪ್ಪನವರು ಜೋಡಿಸಿದ ಕೈ ಬಿಚ್ಚಲಿಲ್ಲ. ಅಂಗೈಗಳ ನಡುವಿನಿಂದ ಲಿವರಿನ ರಕ್ತ ಮಣಿಕಟ್ಟಿಗೆ ಇಳಿದು ಜುಬ್ಬಾದ ತೋಳಿನೊಳಗೆ ಹೋಗುತ್ತಿತ್ತು. ಬೆಕ್ಕು ತಲೆ ಎತ್ತಿ ನೋಡಿತು, ಮತ್ತೆ ಹಲಗೆಯ ಕಡೆಗೆ ತಿರುಗಿತು.

ಗಂಗೋತ್ರಿ ಬುಟ್ಟಿಯನ್ನು ಕೆಳಗಿಟ್ಟು ಬಂದು, ಗಾದಿಲಿಂಗಪ್ಪನವರ ಎದುರಿಗೇ, ಅಪ್ಪನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದಳು.