ಅಮ್ಮನ ಕೈ

“ಅಮ್ಮಾ, ಕೈಯನ್ನ ಸೆರಗಿನೊಳಗೆ ಇಟ್ಕೊಳ್ಳಿ. ಫೋಟೊದಲ್ಲಿ ಕಾಣಬಾರದು” ಎಂದ, ಬೆಂಗಳೂರಿನಿಂದ ಬಂದಿದ್ದ ಫೋಟೊಗ್ರಾಫರ್.

ಬ್ಯಾಡಗಿಯ ಆ ಗೋದಾಮಿನಲ್ಲಿ ಹದಿನೆಂಟು ವರ್ಷದಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಫಕ್ಕೀರವ್ವ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯ ಕೆಂಪು ಯಾವ ಸಾಬೂನಿಗೂ ಹೋಗಿರಲಿಲ್ಲ.

“ಯಾಕ್ರಿ, ನನ್ನ ಕೈಗೆ ಏನಾಗೇತ್ರಿ?”

“ಇದು ದೀಪಾವಳಿ ಜಾಹೀರಾತು. ಟೀವಿಯಲ್ಲಿ ಬರೋ ಅಮ್ಮಂದಿರ ಕೈ ಹೀಗಿರಲ್ಲ. ನೀವು ಹಿಂದೆ ಕೂತು ನಗ್ತಾ ಇರಿ, ಸಾಕು.”

ಮುಂದೆ ರೇಷ್ಮೆ ಸೀರೆಯ ಬೆಳ್ಳನೆಯ ಹುಡುಗಿಯೊಬ್ಬಳು ಖಾರದ ಪುಡಿಯ ಪೊಟ್ಟಣ ಹಿಡಿದು ಕೂತಿದ್ದಳು. ಅದರ ಮೇಲೆ ‘ಈ ಹಬ್ಬಕ್ಕೆ ಅಮ್ಮನ ಕೈರುಚಿ’ ಎಂದು ಬರೆದಿತ್ತು. ಫಕ್ಕೀರವ್ವನಿಗೆ ಸಿಟ್ಟು ನೆತ್ತಿಗೇರಿತು. ಹೋದ ದೀಪಾವಳಿಯಲ್ಲಿ ಅವಳ ಮಗಳು ಟೀವಿ ನೋಡಿಕೊಂಡು ಬಂದು ಇಂಥದೇ ಪೊಟ್ಟಣಕ್ಕೆ ಹಟ ಹಿಡಿದಿದ್ದಳು. “ನೀ ಕುಟ್ಟಿದ ಖಾರ ಹಬ್ಬಕ್ಕ ಬ್ಯಾಡವ್ವಾ” ಎಂದಿದ್ದಳು!

ಫೋಟೊಗ್ರಾಫರ್ ಮೆಣಸಿನಕಾಯಿಯ ರಾಶಿಗೆ ಎರಡೂ ಕೈ ಹಾಕಿ ಚಂದ ಕಾಣುವಂತೆ ಹರವಿದ. ಬೆವರು ಇಳಿಯಿತು. ಅದೇ ಕೈಯಿಂದ ಕಣ್ಣು ಉಜ್ಜಿಕೊಂಡ.

“ಅಯ್ಯೋ ಉರಿ! ಅಮ್ಮಾ, ನೀರು! ಬೇಗ ನೀರು ಹಾಕಿ!”

ಕಣ್ಣು ಮುಚ್ಚಿ ತಡವರಿಸುತ್ತ ಬಂದು ಅವಳೆದುರೇ ಕುಕ್ಕರಿಸಿದ. ನೀರಿನ ಕೊಡ ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು. ಫಕ್ಕೀರವ್ವ ಅಲುಗಲಿಲ್ಲ. ಎರಡೂ ಕೈಗೆ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

“ಹೆಂಗ ಹಾಕ್ಲಿರಿ, ಸಾಹೇಬ್ರ? ಕೈ ಕಾಣಬಾರದು, ನಗ್ತಾ ಇರಬೇಕು ಅಂದೀರಲ್ರಿ. ನೋಡ್ರಿ, ನಗಾಕತ್ತೇನಿ.”